ಬೆಳಗಿನ ಬಾಯಿ

ಕೋಳಿ ಕೂಗಿ ಇನ್ನೂ ಬಹಳ ಹೊತ್ತಾಗಿಲ್ಲ. ಆಳಂದ ತಾಲ್ಲೂಕಿನ ಭೂಸನೂರಿನಂಥ ಒಂದು ಊರು. ಕೊಟ್ಟಿಗೆಯ ದನಗಳು ಎದ್ದು ಮೈ ಮುರಿಯುತ್ತಿವೆ. ಮನೆಯ ಮುತ್ಯಾ ಹೊದ್ದ ಕಂಬಳಿಯನ್ನು ಮಡಿಸಿಟ್ಟು, ಅಂಗಳದ ಬೇವಿನ ಗಿಡದ ಕೆಳಗೆ ನಿಂತು, ಕಿರುಬೆರಳಿನಷ್ಟು ದಪ್ಪದ ಒಂದು ಕಡ್ಡಿಯನ್ನು ಮುರಿದುಕೊಳ್ಳುತ್ತಾನೆ. ಅದರ ತುದಿಯನ್ನು ಅಗಿಯುತ್ತ ಹೊಲದ ಕಡೆಗೆ ನಡೆಯುತ್ತಾನೆ. ಆ ಕಡ್ಡಿ ಬಾಯಿಂದ ಹೊರಬೀಳುವ ತನಕ ಅವನ ಬಾಯಿಂದ ಮಾತೂ ಹೊರಬೀಳುವುದಿಲ್ಲ. ಇತ್ತ ಒಲೆಯ ಮುಂದೆ ಕುಳಿತ ಆಯಿಯ ಬಳಿಗೆ ಮೊಮ್ಮಗ ಕಣ್ಣುಜ್ಜಿಕೊಳ್ಳುತ್ತ ಬಂದು ಚಹಕ್ಕೆ ಕೈಯೊಡ್ಡಿದರೆ ಸಿಗುವ ಉತ್ತರ ಒಂದೇ: “ಮೊದಲ ಮಾರಿ ತೊಳಕೊಂಡು ಬಾರೋ ತಮ್ಮಾ, ಆಮ್ಯಾಲ ಚಾ ಕುಡಿ.”

ಈ ಮಾತು ಕೇಳದೆ ಬೆಳೆದ ಕನ್ನಡಿಗನಿಲ್ಲ. ರಾತ್ರಿ ಮಲಗಿ ಬೆಳಗ್ಗೆ ಎದ್ದವನ ಬಾಯಿ ನಾರುವುದು ಬಡವ ಬಲ್ಲಿದರೆಂಬ ಭೇದವಿಲ್ಲದ ಸಂಗತಿ. ಸಿಂಹಾಸನದ ಮೇಲೆ ಕುಳಿತವನಿಗೂ, ಕುರಿಯ ದೊಡ್ಡಿಯ ಪಕ್ಕದಲ್ಲಿ ಮಲಗಿದವನಿಗೂ ಅದು ಸಮಾನ. ಇತಿಹಾಸವೆಂದರೆ ಕೋಟೆ, ಕಾಳಗ, ಪಟ್ಟಾಭಿಷೇಕಗಳಷ್ಟೇ ಅಲ್ಲ. ದಿನ ಬೆಳಗಾದರೆ ಜನರು ಏನು ಮಾಡುತ್ತಿದ್ದರು, ಏತಕ್ಕೆ ಮಾಡುತ್ತಿದ್ದರು ಎಂಬುದೂ ಇತಿಹಾಸವೇ. ಭೀಮಾ ನದಿಯ ಸುತ್ತಲಿನ ಈ ಸೀಮೆಯನ್ನು, ಎಂದರೆ ಆಳಂದ, ಅಫಜಲಪುರ, ಜೇವರ್ಗಿ ಮತ್ತು ಅವುಗಳ ನೆರೆಹೊರೆಯನ್ನು ಮುಂದಿಟ್ಟುಕೊಂಡು, ಬೆಳಗಿನ ಬಾಯಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ. ವಿಷಯ ಸಣ್ಣದೆಂದು ನಗಬೇಡಿ. ಕಡೆಗೆ ಅದು ಒಯ್ದು ನಿಲ್ಲಿಸುವ ಜಾಗ ನಗುವಂಥದಲ್ಲ.

ಮೊದಲು ಕಾರಣವನ್ನು ತಿಳಿಯೋಣ. ಹಗಲೆಲ್ಲ ನಮ್ಮ ಬಾಯಿಯಲ್ಲಿ ಜೊಲ್ಲು ಊರುತ್ತಲೇ ಇರುತ್ತದೆ. ಅದು ಬಾಯಿಯನ್ನು ಎಡೆಬಿಡದೆ ತೊಳೆಯುವ ನೀರು. ನಿದ್ದೆಯಲ್ಲಿ ಈ ಊಟೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಹಲ್ಲಿನ ಸಂದಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ನಾಲಿಗೆಯ ಹಿಂಭಾಗದಲ್ಲಿ ನೆಲಸಿರುವ ಕಣ್ಣಿಗೆ ಕಾಣದ ಜೀವಿಗಳು, ಉಳಿದ ಅನ್ನದ ಕಣಗಳನ್ನೂ ಬಾಯಿಯ ಒಳಪೊರೆಯಿಂದ ಉದುರಿದ ಅಂಶಗಳನ್ನೂ ಕೊಳೆಸುತ್ತವೆ. ಆಗ ಗಂಧಕದ ಅಂಶವುಳ್ಳ ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಗೆ ನಾತ ಬರುವುದೂ ಇಂಥದೇ ಅನಿಲದಿಂದ. ರಾತ್ರಿ ಜೋಳದ ರೊಟ್ಟಿಯ ಜೊತೆಗೆ ಹಸಿ ಉಳ್ಳಾಗಡ್ಡಿ ಕಡಿದು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ ತಿಂದವರಿಗೆ ಇನ್ನೊಂದು ತೊಡಕು. ಬೆಳ್ಳುಳ್ಳಿಯ ವಾಸನೆ ರಕ್ತದಲ್ಲಿ ಸೇರಿ ಶ್ವಾಸಕೋಶದ ಮೂಲಕ ಉಸಿರಿನಲ್ಲಿಯೇ ಹೊರಬರುವುದರಿಂದ, ಎಷ್ಟು ಹಲ್ಲುಜ್ಜಿದರೂ ಅದು ಕೂಡಲೆ ಹೋಗುವುದಿಲ್ಲ. ಅದಕ್ಕೆ ಹೊತ್ತೇ ಮದ್ದು.

ಈ ಸೂಕ್ಷ್ಮಜೀವಿಗಳನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮೊದಲಿಗನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟನಿ ವಾನ್ ಲೇವನ್‌ಹುಕ್. ಅವನು ಬಟ್ಟೆಯ ವ್ಯಾಪಾರಿ. ತಾನೇ ಉಜ್ಜಿ ಮಾಡಿಕೊಂಡ ಮಸೂರಗಳ ಮೂಲಕ ಲೋಕವನ್ನು ನೋಡುವ ಹುಚ್ಚು ಅವನಿಗೆ. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ತನ್ನ ಹಲ್ಲಿನ ಸಂದಿಯ ಬಿಳಿಯ ಜಿಗಟಿನಲ್ಲಿ ಚುರುಕಾಗಿ ಓಡಾಡುವ ಪುಟ್ಟ ಪ್ರಾಣಿಗಳನ್ನು ಕಂಡೆನೆಂದು ತಿಳಿಸಿದ. ತಾನು ದಿನವೂ ಬೆಳಗ್ಗೆ ಉಪ್ಪಿನಿಂದ ಹಲ್ಲುಜ್ಜುವವನೆಂದೂ ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಡೆಲ್ಫ್ಟಿನ ವ್ಯಾಪಾರಿಯ ಉಪ್ಪಿಗೂ ನಮ್ಮ ಹಳ್ಳಿಯ ಇದ್ದಿಲು-ಉಪ್ಪಿಗೂ ಅಂತರ ಬಹಳವಿಲ್ಲ.

ನಮ್ಮವರು ಈ ಜೀವಿಗಳನ್ನು ಕಂಡಿರಲಿಲ್ಲ. ಆದರೆ ಬಾಯಿಯ ಕೊಳೆ ಎಲ್ಲಿ ಕೂಡುತ್ತದೆಂಬುದನ್ನು ಬಲ್ಲವರಾಗಿದ್ದರು. ಚರಕಸಂಹಿತೆ ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕೆನ್ನುತ್ತದೆ. ಖಾರ, ಕಹಿ, ಒಗರು ರುಚಿಯ ಕಡ್ಡಿಯನ್ನು ಆರಿಸಿ, ತುದಿಯನ್ನು ಜಜ್ಜಿ, ಒಸಡಿಗೆ ನೋವಾಗದಂತೆ ಉಜ್ಜಬೇಕು. ಹೊಂಗೆ, ಕಣಗಿಲೆ, ಎಕ್ಕ, ಮತ್ತಿ ಮೊದಲಾದ ಗಿಡಗಳ ಹೆಸರುಗಳು ಅಲ್ಲಿವೆ. ಸುಶ್ರುತಸಂಹಿತೆ ಇನ್ನೂ ಕರಾರುವಾಕ್ಕು: ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ, ಗಂಟಿರಕೂಡದು, ಹುಳು ತಿಂದಿರಕೂಡದು. ಕಹಿಯಲ್ಲಿ ಬೇವು, ಒಗರಿನಲ್ಲಿ ಕಾಚು, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಅದರ ತೀರ್ಮಾನ. ಭೂಸನೂರಿನ ಮುತ್ಯಾ ಸುಶ್ರುತನನ್ನು ಓದಿದವನಲ್ಲ. ಆದರೂ ಅವನ ಕೈ ಕಿರುಬೆರಳ ದಪ್ಪದ ಬೇವಿನ ಕಡ್ಡಿಯ ಮೇಲೆಯೇ ಹೋಗುತ್ತದೆ.

ನಾಲಿಗೆಯ ವಿಚಾರ ಇನ್ನೂ ಮುಖ್ಯವಾದದ್ದು. ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯ, ಬಾಗಿದ, ಅಂಚು ಹರಿತವಿಲ್ಲದ ಪಟ್ಟಿಯಿಂದ ನಾಲಿಗೆಯನ್ನು ಹೆರೆಯಬೇಕೆಂದು ಚರಕ ಹೇಳುತ್ತಾನೆ. ನಾಲಿಗೆಯ ಬುಡದಲ್ಲಿ ಕೂಡುವ ಕೊಳೆ ಉಸಿರನ್ನು ತಡೆದು ದುರ್ಗಂಧವನ್ನು ಹುಟ್ಟಿಸುತ್ತದೆಂಬುದು ಅವನು ಕೊಡುವ ಕಾರಣ. ಇಂದಿನ ದಂತವೈದ್ಯರು ಬೆಳಗಿನ ವಾಸನೆಯ ಮುಖ್ಯ ತಾಣವೆಂದು ಬೆರಳಿಟ್ಟು ತೋರಿಸುವುದೂ ಅದೇ ನಾಲಿಗೆಯ ಬುಡವನ್ನೇ.

ಇನ್ನು ಧರ್ಮಗಳ ಕಡೆಗೆ ಬರೋಣ. ಇಲ್ಲಿಯೇ ನಮ್ಮ ಸೀಮೆಯ ಕಥೆ ರಂಗೇರುತ್ತದೆ. ಏಕೆಂದರೆ ಈ ಒಂದು ಸಣ್ಣ ಕಡ್ಡಿಯ ವಿಷಯದಲ್ಲಿ ಮೂರು ನಾಲ್ಕು ಮತಗಳು ಬೇರೆ ಬೇರೆ ನಿಲುವು ತಳೆದವು, ಅವುಗಳೆಲ್ಲಕ್ಕೂ ಕಲಬುರಗಿಯ ಸುತ್ತಣ ನೆಲ ಆಶ್ರಯ ಕೊಟ್ಟಿತು.

ಭೀಮಾ ನದಿಯ ದಂಡೆಯ ಮೇಲೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದೆ. ಅಲ್ಲಿ 1986ರಲ್ಲಿ ಅಶೋಕನ ಶಾಸನ ದೊರೆಯಿತು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಒಂದು ಮಹಾಸ್ತೂಪವೂ, ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಬೆಳಕಿಗೆ ಬಂದವು. ಅಂಥ ನೆಲೆಯ ಭಿಕ್ಷುಗಳ ಬೆಳಗು ಹೇಗಿದ್ದಿರಬಹುದು? ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಅದಕ್ಕೊಂದು ಸೊಗಸಾದ ಉತ್ತರವಿದೆ. ಕೆಲವು ಭಿಕ್ಷುಗಳು ಹಲ್ಲುಕಡ್ಡಿ ಅಗಿಯದೆ ಇದ್ದರಂತೆ. ಅವರ ಬಾಯಿ ನಾರುತ್ತಿತ್ತು. ಸಂಗತಿ ಬುದ್ಧನ ವರೆಗೆ ಹೋಯಿತು. ಕಡ್ಡಿ ಅಗಿಯದಿದ್ದರೆ ಐದು ಕೇಡುಗಳೆಂದು ಬುದ್ಧ ಹೇಳಿದ: ಕಣ್ಣಿಗೆ ಒಳ್ಳೆಯದಲ್ಲ, ಬಾಯಿ ನಾರುತ್ತದೆ, ರುಚಿಯ ನಾಳಗಳು ಶುದ್ಧವಾಗುವುದಿಲ್ಲ, ಪಿತ್ತ ಕಫಗಳು ಅನ್ನವನ್ನು ಮುಸುಕುತ್ತವೆ, ಊಟ ರುಚಿಸುವುದಿಲ್ಲ. ಹೀಗೆ ಹಲ್ಲುಕಡ್ಡಿಗೆ ಅಪ್ಪಣೆಯಾಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲವು ತುಂಟ ಭಿಕ್ಷುಗಳು ಉದ್ದುದ್ದ ಕಡ್ಡಿಗಳನ್ನಿಟ್ಟುಕೊಂಡು ಎಳೆಯ ಸಾಮಣೇರರಿಗೆ ಅದರಿಂದಲೇ ಹೊಡೆಯತೊಡಗಿದರು. ಆಗ, ಕಡ್ಡಿ ಎಂಟು ಅಂಗುಲಕ್ಕಿಂತ ಉದ್ದವಿರಬಾರದೆಂದು ನಿಯಮವಾಯಿತು. ಮತ್ತೊಬ್ಬನು ತೀರ ಗಿಡ್ಡ ಕಡ್ಡಿಯನ್ನು ಅಗಿಯಲು ಹೋಗಿ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಆಗ, ನಾಲ್ಕು ಅಂಗುಲಕ್ಕಿಂತ ಗಿಡ್ಡವಿರಬಾರದೆಂದು ಇನ್ನೊಂದು ನಿಯಮ. ನಿರ್ವಾಣದ ದಾರಿ ತೋರಿಸಿದ ಮಹಾಪುರುಷನು ಹಲ್ಲುಕಡ್ಡಿಯ ಅಳತೆಯನ್ನೂ ಗೊತ್ತುಮಾಡಬೇಕಾಯಿತು! ಹಲವರು ಒಂದೆಡೆ ಬಾಳಬೇಕಾದರೆ ಒಬ್ಬನ ಬಾಯಿಯ ಶುದ್ಧಿ ಎಲ್ಲರ ಸಂಗತಿಯಾಗುತ್ತದೆಂಬುದೇ ಇದರ ತಾತ್ಪರ್ಯ.

ಅದೇ ಸೀಮೆಯ ಮಳಖೇಡಕ್ಕೆ, ರಾಷ್ಟ್ರಕೂಟರ ಮಾನ್ಯಖೇಟಕ್ಕೆ ಬಂದರೆ ಚಿತ್ರ ತಿರುವುಮುರುವು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ರಾಜಧಾನಿಯಾಗಿದ್ದ ಈ ಊರು ಜೈನ ವಿದ್ವಾಂಸರ ತವರು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ‘ಅದಂತಧಾವನ’ವೂ ಒಂದು, ಎಂದರೆ ಹಲ್ಲನ್ನು ಉಜ್ಜದಿರುವ ವ್ರತ. ದೇಹದ ಅಲಂಕಾರದಲ್ಲಿ ಮನಸ್ಸಿಡಕೂಡದು ಎಂಬ ವೈರಾಗ್ಯವೂ, ಸಣ್ಣ ಜೀವಕ್ಕೂ ಹಿಂಸೆಯಾಗಬಾರದೆಂಬ ಅಹಿಂಸೆಯೂ ಇದರ ಹಿಂದಿವೆ. ಆದರೆ ಈ ವ್ರತ ಮುನಿಗಳಿಗೆ ಮಾತ್ರ, ಶ್ರಾವಕರಾದ ಗೃಹಸ್ಥರಿಗಲ್ಲ. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಕೈಯಲ್ಲೇ ಉಣ್ಣುವ ಮುನಿಯ ಬಾಯಿಗೂ, ಮೂರು ಹೊತ್ತು ಉಂಡು ನಡುವೆ ಚಹಾ ಚೂಡಾ ಸೇವಿಸುವ ನಮ್ಮ ಬಾಯಿಗೂ ಹೋಲಿಕೆ ಸಲ್ಲದು.

ವೈದಿಕರ ಧರ್ಮಶಾಸ್ತ್ರಗಳು ನಡುವಣ ದಾರಿ ಹಿಡಿದವು. ಹಲ್ಲುಜ್ಜುವುದು ನಿತ್ಯವಿಧಿ, ಆದರೆ ಅಮಾವಾಸ್ಯೆ, ಶ್ರಾದ್ಧದ ದಿನ ಮುಂತಾದ ಕೆಲವು ದಿನಗಳಲ್ಲಿ ಕಡ್ಡಿ ಮುರಿಯಬಾರದು, ಬದಲಿಗೆ ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಹಲ್ಲುಕಡ್ಡಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಯಾವ ಗಿಡದ ಕಡ್ಡಿಯಿಂದ ಯಾವ ಫಲ, ಉಜ್ಜಿ ಬಿಸಾಡಿದ ಕಡ್ಡಿ ಎತ್ತ ಬಿದ್ದರೆ ಶುಭ, ಎತ್ತ ಬಿದ್ದರೆ ಅಶುಭ ಎಂಬ ಲೆಕ್ಕವೂ ಅಲ್ಲಿದೆ.

ಪರದೇಶದವರ ಕಣ್ಣಿಗೆ ನಮ್ಮ ಈ ಬೆಳಗಿನ ಕೆಲಸ ಬೆರಗಿನ ವಸ್ತುವಾಗಿತ್ತು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು 641ರ ಸುಮಾರಿಗೆ ಕಂಡುಹೋದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನು, ಭಾರತದ ಜನ ಉಂಡಮೇಲೆ ಕಡ್ಡಿಯಿಂದ ಹಲ್ಲು ಶುಚಿಮಾಡಿ ಕೈಬಾಯಿ ತೊಳೆಯುವುದನ್ನು ಬರೆದಿದ್ದಾನೆ. ಅವನ ತರುವಾಯ 671ರಿಂದ 695ರ ವರೆಗೆ ಭಾರತದಲ್ಲಿಯೂ ಆಗ್ನೇಯ ದ್ವೀಪಗಳಲ್ಲಿಯೂ ಸಂಚರಿಸಿದ ಇತ್ಸಿಂಗನಂತೂ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಕೊಟ್ಟ. ಕಡ್ಡಿಯ ಒಂದು ತುದಿಯನ್ನು ಮೆಲ್ಲಗೆ ಅಗಿದು ಹಲ್ಲುಜ್ಜಬೇಕು. ಆಮೇಲೆ ಅದನ್ನೇ ಸೀಳಿ, ಬಗ್ಗಿಸಿ, ನಾಲಿಗೆ ಹೆರೆಯಬೇಕು. ತೊಳೆದು ಮರೆಯಾದ ಜಾಗದಲ್ಲಿ ಬಿಸಾಡಬೇಕು. ಭಾರತದಲ್ಲಿ ಹಲ್ಲುನೋವು ಅಪರೂಪ, ಅದಕ್ಕೆ ಈ ಕಡ್ಡಿಯೇ ಕಾರಣ ಎಂಬುದು ಅವನ ಅಭಿಪ್ರಾಯ. ಹಲ್ಲು, ಒಸಡು, ನಾಲಿಗೆ ಮೂರಕ್ಕೂ ಒಂದೇ ಸಾಧನ. ಬೆಲೆ ಏನೂ ಇಲ್ಲ!

ಹಲ್ಲುಜ್ಜಿಯಾದ ಮೇಲೆ ಉಸಿರಿಗೆ ಸುವಾಸನೆ ಬೇಕಲ್ಲ, ಅದಕ್ಕೆ ತಾಂಬೂಲ. ಲವಂಗ, ಏಲಕ್ಕಿ, ಜಾಕಾಯಿ, ಅಡಿಕೆ, ಪಚ್ಚಕರ್ಪೂರ, ವೀಳ್ಯದೆಲೆಗಳನ್ನು ಬಾಯಲ್ಲಿ ಇಟ್ಟುಕೊಳ್ಳಬೇಕೆಂದು ಚರಕನೇ ಹೇಳಿದ್ದುಂಟು. ಆದರೆ ಅದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರು ನಮ್ಮ ನೆರೆಯ ಕಲ್ಯಾಣದ ಚಾಲುಕ್ಯರು. ಈಗ ಬಸವಕಲ್ಯಾಣವೆಂದು ಕರೆಯುವ ಆ ಊರು ಆಳಂದಕ್ಕೆ ದೂರದ್ದಲ್ಲ. 1126ರಿಂದ 1138ರ ವರೆಗೆ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನು ಅನುಭವಿಸಬೇಕಾದ ಭೋಗಗಳನ್ನು ವಿವರಿಸುವಾಗ ತಾಂಬೂಲಭೋಗಕ್ಕೂ ಒಂದು ಸ್ಥಾನ ಕೊಟ್ಟಿದ್ದಾನೆ. ತಾಂಬೂಲಕ್ಕೆ ಹದಿಮೂರು ಗುಣಗಳೆಂದು ಹಿಂದಿನವರು ಎಣಿಸುತ್ತಿದ್ದರು. ಬಾಯಿಯ ದುರ್ಗಂಧವನ್ನು ಕಳೆಯುವುದು ಅವುಗಳಲ್ಲೊಂದು.

ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ತಾಂಬೂಲಕ್ಕೆ ಬೇರೊಂದು ಬಗೆಯ ಗೌರವ ಬಂತು. ಹಡಪವೆಂದರೆ ಎಲೆಯಡಿಕೆಯ ಸಂಚಿ. ಅರಸರ, ಮಂತ್ರಿಗಳ ಬಳಿಯಲ್ಲಿ ಅದನ್ನು ಹಿಡಿದು ನಿಲ್ಲುವುದು ಒಂದು ಊಳಿಗ. ಬಸವಣ್ಣನವರಿಗೆ ಆ ಊಳಿಗ ಮಾಡುತ್ತಿದ್ದವರೇ ಹಡಪದ ಅಪ್ಪಣ್ಣನವರು. ಬೇರೆ ಆಸ್ಥಾನದಲ್ಲಾಗಿದ್ದರೆ ಸಂಚಿ ಹಿಡಿದವನ ಹೆಸರು ಸಂಚಿಯೊಡನೆಯೇ ಮರೆಯಾಗುತ್ತಿತ್ತು. ಕಲ್ಯಾಣದಲ್ಲಿ ಹಾಗಾಗಲಿಲ್ಲ. ಅಪ್ಪಣ್ಣನವರೂ ಅವರ ಮಡದಿ ಲಿಂಗಮ್ಮನವರೂ ವಚನಕಾರರಾದರು. ಅವರಿಬ್ಬರ ವಚನಗಳೂ ಇಂದು ನಮಗೆ ಉಳಿದಿವೆ. ಇನ್ನೊಬ್ಬರ ಬಾಯಿಗೆ ಎಲೆ ಮಡಿಸಿಕೊಟ್ಟ ಕೈ ತನ್ನದೇ ಮಾತನ್ನೂ ಲೋಕಕ್ಕೆ ಕೊಟ್ಟಿತು.

ಮುಂದೆ 1443ರಲ್ಲಿ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದಾಗ ಅರಸನು ಅವನಿಗೆ ಐನೂರು ಪಣಗಳ ಚೀಲದ ಜೊತೆಗೆ ಎರಡು ಕಟ್ಟು ವೀಳ್ಯವನ್ನೂ ಕರ್ಪೂರವನ್ನೂ ಕೊಟ್ಟನು. ಆ ಎಲೆಯ ಮಹಿಮೆಗೆ ರಜಾಕ ಮಾರುಹೋದ. ಮುಖಕ್ಕೆ ಕಳೆ ಕೊಡುತ್ತದೆ, ಬಾಯಿಯ ಕೆಟ್ಟ ವಾಸನೆ ಕಳೆಯುತ್ತದೆ, ಹಲ್ಲನ್ನು ಗಟ್ಟಿಮಾಡುತ್ತದೆ ಎಂದು ಬರೆದುಕೊಂಡ.

ಇತ್ತ ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಫಿರೋಜ್ ಶಹನ ಕಾಲದಲ್ಲಿ, 1400ರ ಸುಮಾರಿಗೆ, ಸೂಫಿ ಸಂತ ಖ್ವಾಜಾ ಬಂದೇನವಾಜರು ಇಲ್ಲಿಗೆ ಬಂದು ನೆಲಸಿ 1422ರಲ್ಲಿ ತೀರಿಕೊಂಡರು. ಇಸ್ಲಾಂ ಧರ್ಮದಲ್ಲಿ ಹಲ್ಲುಕಡ್ಡಿಗೆ ದೊಡ್ಡ ಮನ್ನಣೆಯಿದೆ. ಪ್ರಾರ್ಥನೆಗೆ ಮುನ್ನ, ನಿದ್ದೆಯಿಂದ ಎದ್ದ ಕೂಡಲೆ ‘ಮಿಸ್ವಾಕ್’ ಮಾಡುವುದು ಪ್ರವಾದಿಗಳಿಗೆ ಪ್ರಿಯವಾದ ಆಚಾರ. ಪೀಲು ಎಂಬ ಗಿಡದ ಬೇರೋ ಕಡ್ಡಿಯೋ ಅದಕ್ಕೆ ಉತ್ತಮ. ಹೀಗೆ ಬೇವಿನ ಕಡ್ಡಿಯ ಮುತ್ಯಾನಿಗೂ ಮಿಸ್ವಾಕಿನ ನಾನಾನಿಗೂ ಬೆಳಗಿನ ಹೊತ್ತಿನಲ್ಲಿ ಜಗಳವೇ ಇಲ್ಲ. ಇಬ್ಬರ ಬಾಯಲ್ಲೂ ಕಡ್ಡಿ! ರೂಢಿಯಿರುವ ಕಡೆಗಳಲ್ಲಿ ಇಂಥ ಕಡ್ಡಿಗಳ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಪ್ರೋತ್ಸಾಹಿಸಿದೆ.

ಇಲ್ಲಿಯ ವರೆಗೆ ಕಥೆ ಸುಖವಾಗಿ ಸಾಗಿತು. ಈಗ ಒಂದು ತಿರುವು.

ಪೋರ್ಚುಗೀಸರ ಹಡಗುಗಳೊಡನೆ ಅಮೆರಿಕದ ಒಂದು ಎಲೆ ನಮ್ಮ ಪಶ್ಚಿಮ ಕರಾವಳಿಗೆ ಬಂದು ದಖ್ಖನಿನ ಒಳನಾಡಿಗೆ ಏರಿತು. ಅದೇ ಹೊಗೆಸೊಪ್ಪು. 1604ರಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಈ ಎಲೆಯನ್ನು ಕಂಡು, ಇಂಥದನ್ನು ಹಿಂದೆ ನೋಡಿರಲಿಲ್ಲವೆಂದು ಬೆರಗಾಗಿ, ರತ್ನಖಚಿತವಾದ ಸೇದುವ ಕೊಳವೆಯೊಡನೆ ಅಕ್ಬರನಿಗೆ ಕಾಣಿಕೆ ಒಯ್ದ. ಆಸ್ಥಾನದ ಹಕೀಮನು ಇದು ಗೊತ್ತುಗುರಿಯಿಲ್ಲದ ವಸ್ತು, ಬೇಡವೆಂದ. ಆದರೂ ದೊರೆ ಒಂದೆರಡು ಬಾರಿ ಸೇದಿ ನೋಡಿದ. ಬಿಜಾಪುರವೆಂದರೆ ಅಫಜಲಪುರದ ನೆರೆ. ಮೊಗಲರ ಆಸ್ಥಾನಕ್ಕೆ ಹೊಗೆಸೊಪ್ಪು ಹೋದದ್ದು ನಮ್ಮ ಭೀಮಾ ಸೀಮೆಯ ಮಗ್ಗುಲಿಂದ ಎಂಬುದನ್ನು ಹೆಮ್ಮೆಯಿಂದ ಹೇಳುವಂತಿಲ್ಲ.

ಸೇದುವವರು ಸೇದಿದರು, ತಿನ್ನುವವರು ತಾಂಬೂಲದಲ್ಲಿ ಸೇರಿಸಿಕೊಂಡು ತಿಂದರು. ಬಾಯಿ ಶುಚಿಗೊಳಿಸುತ್ತಿದ್ದ ವೀಳ್ಯದೊಳಗೆ ಹೀಗೆ ವಿಷ ಸೇರಿತು. ಮೂರನೆಯದೊಂದು ದಾರಿಯೂ ತೆರೆಯಿತು. ಹೊಗೆಸೊಪ್ಪನ್ನು ಕಾದ ಹಂಚಿನ ಮೇಲೆ ಕರ್ರಗೆ ಹುರಿದು, ಕುಟ್ಟಿ ಪುಡಿಮಾಡಿ, ಬೆರಳಲ್ಲಿ ಹಲ್ಲಿಗೂ ಒಸಡಿಗೂ ಹಚ್ಚುವುದು. ಮರಾಠಿ ನಾಡಿನಲ್ಲಿ ಮಶೇರಿ ಎನ್ನುತ್ತಾರೆ. ಗಡಿಯ ಈಚೆಗೆ ಮಿಶ್ರಿ ಎಂಬ ಹೆಸರೂ ಉಂಟು. ಸೇದುವುದು ಗಂಡಸರ ಚಟವೆನಿಸಿದರೆ, ಇದು ಹೆಂಗಸರ ಬೆಳಗಿನ ಕೆಲಸವೆನಿಸಿಕೊಂಡಿತು. ಚಟವೆಂಬ ಹೆಸರೇ ಇದಕ್ಕೆ ಬರಲಿಲ್ಲ. ಹಲ್ಲುಜ್ಜುವುದು ಚಟವಾಗುತ್ತದೆಯೆ?

ನನ್ನ ಆಯಿಯೂ ಹಚ್ಚುತ್ತಿದ್ದಳು. ಎದ್ದ ಕೂಡಲೆ ಗೂಡಿನಲ್ಲಿಟ್ಟ ಸಣ್ಣ ಡಬ್ಬಿ ತೆಗೆದು, ಚಿಟಿಕೆ ಪುಡಿಯನ್ನು ಅಂಗೈಗೆ ಸುರುವಿಕೊಂಡು, ಗೋಡೆಗೆ ಆತು ಕುಳಿತು ಅರ್ಧ ಗಂಟೆ ಉಜ್ಜುವಳು. “ಬಾಯಿ ನಾರಬಾರದು ನೋಡಪಾ, ನಾಕ ಮಂದಿ ಮುಂದ ಮಾತಾಡೂ ಬಾಯಿ” ಎನ್ನುವಳು. ಬೆಳಗ್ಗೆ ಒಂದು ಸಲ ಇದ್ದದ್ದು ಊಟವಾದ ಮೇಲೆ ಇನ್ನೊಂದಾಯಿತು, ಸಂಜೆ ಮತ್ತೊಂದು. ಒಂದು ದಿನ ಡಬ್ಬಿ ಬರಿದಾದರೆ ತಲೆನೋವು, ಸಿಡಿಮಿಡಿ. ಕೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದು ಕಾಣಿಸಿಕೊಂಡು ಉರಿಯತೊಡಗಿದಾಗ ಪಟ್ಟಣಕ್ಕೆ ಕರೆದೊಯ್ದೆವು. ತಂಬಾಕು ತಿನ್ನುತ್ತೀರೇನು ಎಂದು ವೈದ್ಯರು ಕೇಳಿದರು. ಆಯಿ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: “ಇಲ್ರೀ ಸಾಹೇಬ್ರ, ನಾ ತಂಬಾಕ ಮುಟ್ಟಾಂಗಿಲ್ಲ. ಹಲ್ಲಿಗಷ್ಟ ಹಚ್ಚತೀನಿ.” ಅವಳು ಸುಳ್ಳು ಹೇಳಲಿಲ್ಲ, ಅವಳ ಲೆಕ್ಕದಲ್ಲಿ ಅದು ತಂಬಾಕೇ ಅಲ್ಲ. ಮೂರು ದಿನ ಬಿಟ್ಟಳು. ನಾಲ್ಕನೆಯ ದಿನ ಡಬ್ಬಿ ಮತ್ತೆ ಗೂಡಿಗೆ ಬಂತು. ಎರಡು ವರ್ಷದೊಳಗೆ ಮಚ್ಚೆ ಹುಣ್ಣಾಯಿತು. ಬಾಯಿ ನಾರಬಾರದೆಂದು ಬದುಕಿಡೀ ಉಜ್ಜಿದವಳ ಹತ್ತಿರ ಕೊನೆಗೆ ಮೊಮ್ಮಕ್ಕಳು ಸುಳಿಯಲು ಹಿಂಜರಿಯುವಂತಾಯಿತು. ಅದನ್ನು ಅವಳು ಬಲ್ಲಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ನಮ್ಮನ್ನು ಮಾತಾಡಿಸುತ್ತಿದ್ದಳು. ಹೀಗೆಯೇ ಅವಳು ಹೋದಳು.

ಇದರ ಕೆಲಸ ಹೀಗೆ ನಡೆಯುತ್ತದೆ: ಹೊಗೆಸೊಪ್ಪಿನ ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕೆ ಸೇರುತ್ತದೆ. ನೋವು ಮಂಕಾದಂತೆ ತೋರುವುದರಿಂದ ಹಲ್ಲಿಗೆ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಮನಸ್ಸು ಮತ್ತೆ ಬೇಡುತ್ತದೆ. ಅದರಲ್ಲಿರುವ ಬೇರೆ ವಿಷಗಳು ಕೆನ್ನೆ ಒಸಡುಗಳ ಪೊರೆಯನ್ನು ವರ್ಷಗಟ್ಟಲೆ ಕೆಣಕಿ ಅರ್ಬುದಕ್ಕೆ ದಾರಿಮಾಡುತ್ತವೆ. ಬಸುರಿಯರು ಬಳಸಿದರೆ ಕೂಸಿನ ತೂಕ ಕುಂದುತ್ತದೆ. 1992ರಲ್ಲಿ ಭಾರತ ಸರಕಾರ ಹಲ್ಲುಪುಡಿ, ಪೇಸ್ಟುಗಳಲ್ಲಿ ಹೊಗೆಸೊಪ್ಪು ಸೇರಿಸುವುದನ್ನು ನಿಷೇಧಿಸಿತು. 2013ರಲ್ಲಿ ಕರ್ನಾಟಕ ಸರಕಾರ ಗುಟಕಾವನ್ನು ನಿಷೇಧಿಸಿತು. ಆದರೆ ಮನೆಯ ಹಂಚಿನ ಮೇಲೆ ಹುರಿದ ಪುಡಿಗೆ ಯಾವ ಕಾಯಿದೆ ತಡೆ ಹಾಕೀತು? ಎಲೆಯಡಿಕೆಯ ವಿಷಯದಲ್ಲಿಯೂ ಹಳೆಯ ಹೊಗಳಿಕೆಗೆ ಒಂದು ತಿದ್ದುಪಡಿ ಬೇಕಾಗಿದೆ: ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಜಗಿಯುವುದು ಅರ್ಬುದಕ್ಕೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಶಾಖೆ 2004ರಲ್ಲಿ ಸಾರಿತು. ಮದುವೆಯ ಮನೆಯಲ್ಲಿ ಕೊಟ್ಟ ವೀಳ್ಯದ ಗೌರವಕ್ಕೆ ಕುಂದಿಲ್ಲ. ದಿನವಿಡೀ ದವಡೆಯಲ್ಲಿ ಒತ್ತರಿಸಿಡುವುದು ಬೇರೆ ಮಾತು.

ಇನ್ನು ಪುಡಿ-ಕುಂಚಗಳ ಕಥೆಯನ್ನು ಬೇಗನೆ ಮುಗಿಸೋಣ. ಕುಳ್ಳಿನ ಬೂದಿ, ಇದ್ದಿಲು, ಉಪ್ಪು ಇವು ಮನೆಮನೆಯ ಹಲ್ಲುಪುಡಿಗಳಾಗಿದ್ದವು. 1871ರಲ್ಲಿ ಮುಂಬಯಿ ಮದರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ, ಆ ದಾರಿಯ ಮೇಲಿನ ಕಲಬುರಗಿಗೆ ಮುಂಬಯಿಯ ಸರಕು ಸುಲಭವಾಗಿ ಬರತೊಡಗಿತು. ಮಂಗನ ಛಾಪಿನ ಕರಿಯ ಹಲ್ಲುಪುಡಿಯಂಥವು ಮುಂಬಯಿ ಕಡೆಯಿಂದ ಹೆಸರಾದವು. ಹಳೆಯ ಮೈಸೂರಿನ ಕಡೆ 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಎಷ್ಟು ಮನೆಮಾತಾಯಿತೆಂದರೆ, ರಸಬಾಳೆಯಂತೆ ಅದೂ ನಂಜನಗೂಡಿನ ಗುರುತಾಯಿತು. ಕುಂಚ ಹುಟ್ಟಿದ್ದು ಚೀನದಲ್ಲಿ. ಎಲುಬಿನ ಹಿಡಿಗೆ ಹಂದಿಯ ಕೂದಲು ಚುಚ್ಚಿ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ 1780ರಲ್ಲಿ ವಿಲಿಯಂ ಆಡಿಸ್ ಅದನ್ನು ವ್ಯಾಪಾರಕ್ಕೆ ತಂದ. ಹಂದಿಯ ಕೂದಲೆಂದ ಮೇಲೆ ನಮ್ಮಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಮೂಗು ಮುರಿಯುವುದು ಸಹಜವೇ. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಕೂದಲಿನ ಕುಂಚ ಬಂದು ಆ ಸಂಕೋಚವನ್ನು ಕಳೆಯಿತು.

ಕುಂಚದ ಜೊತೆಗೆ ಜಾಹೀರಾತೂ ಬಂತು. 1879ರಲ್ಲಿ ಗಾಯ ತೊಳೆಯಲೆಂದು ಸಿದ್ಧವಾದ ಲಿಸ್ಟರಿನ್ ಎಂಬ ದ್ರವವನ್ನು, 1920ರ ದಶಕದಲ್ಲಿ ಅಮೆರಿಕದ ಪತ್ರಿಕೆಗಳು ಬಾಯಿವಾಸನೆಯ ಮದ್ದೆಂದು ಸಾರಿದವು. ಬಾಯಿ ನಾರಿದರೆ ಹುಡುಗಿಗೆ ಗಂಡು ಸಿಕ್ಕದು, ಹುಡುಗನಿಗೆ ನೌಕರಿ ದಕ್ಕದು ಎಂಬ ಹೆದರಿಕೆಯನ್ನು ಚಿತ್ರ ಸಮೇತ ಬಿತ್ತಿದರು. ವಾಸನೆ ಹಳೆಯದು, ಆ ಹೆದರಿಕೆಯ ವ್ಯಾಪಾರ ಹೊಸದು.

ಕಡ್ಡಿಯ ಬಗ್ಗೆ ಇನ್ನೊಂದು ಮಾತು. 1930ರಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಜೊತೆಗಿದ್ದ ಕಾಕಾ ಕಾಲೇಲಕರರು ದಿನವೂ ಹೊಸ ಹಲ್ಲುಕಡ್ಡಿ ತರುತ್ತಿದ್ದರಂತೆ. ಉಜ್ಜಿದ ತುದಿಯನ್ನಷ್ಟೇ ಕತ್ತರಿಸಿ ಉಳಿದುದನ್ನು ಮರುದಿನಕ್ಕೆ ಇಡಿ. ಒಣಗುವ ತನಕ ಒಂದೇ ಕಡ್ಡಿ ಬಂದೀತು ಎಂದರು ಗಾಂಧೀಜಿ. ಬಿಟ್ಟಿ ಸಿಗುವ ವಸ್ತುವನ್ನೂ ಮಿತದಲ್ಲಿ ಬಳಸಬೇಕೆಂಬ ಪಾಠ ಅದು. ಗಿಡ ನಮ್ಮದಾದರೂ ನಾಳೆಯವರದೂ ಹೌದು.

ಇಂದು ಭೂಸನೂರಿನ ಸೀಮೆಯಲ್ಲಿ ಜೋಳ ತೊಗರಿಗಳ ನಡುವೆ ಕಬ್ಬು ಬೆಳೆದು ನಿಂತಿದೆ. ಊರಿನಲ್ಲಿಯೇ ಸಕ್ಕರೆ ಕಾರಖಾನೆ ತಲೆಯೆತ್ತಿತು. ಸಕ್ಕರೆ ಬಂದ ಕಡೆ ಹಲ್ಲಿನ ಹುಳುಕೂ ಹಿಂದೆಯೇ ಬರುತ್ತದೆ. ಬಾಯಿಯ ಜೀವಿಗಳಿಗೆ ಸಕ್ಕರೆಯೆಂದರೆ ಹಬ್ಬದೂಟ. ಆದ್ದರಿಂದ ಈ ಇತಿಹಾಸದಿಂದ ನಾವು ಕಟ್ಟಿಕೊಳ್ಳಬೇಕಾದ ಬುತ್ತಿ ಇಷ್ಟು. ಕುಂಚವಾಗಲಿ ಕಡ್ಡಿಯಾಗಲಿ, ಬೆಳಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಹಲ್ಲುಜ್ಜಬೇಕು. ಅದು ಚರಕನ ಮಾತೂ ಹೌದು, ಇಂದಿನ ವೈದ್ಯರ ಮಾತೂ ಹೌದು. ನಾಲಿಗೆಯನ್ನು ಬುಡದ ತನಕ ಮೆಲ್ಲಗೆ ಹೆರೆಯಬೇಕು. ಧಾರಾಳವಾಗಿ ನೀರು ಕುಡಿಯಬೇಕು. ಇಷ್ಟಾದರೂ ವಾಸನೆ ಹಗಲೆಲ್ಲ ಹೋಗದಿದ್ದರೆ ಅದು ಒಸಡಿನ, ಗಂಟಲಿನ ಅಥವಾ ಬೇರೆ ಯಾವುದೋ ಬೇನೆಯ ಸೂಚನೆಯಾಗಿರಬಹುದು. ಲವಂಗ ಅಗಿದು ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರಂತೂ ಒಂದು ದಿನವೂ ತಡಮಾಡಬಾರದು.

ಕಡೆಯದಾಗಿ, ಮನೆಯ ಗೂಡಿನಲ್ಲಿ ಸಣ್ಣ ಡಬ್ಬಿಯೊಂದ್ದರೆ ಇವತ್ತೇ ತೆಗೆದು ನೋಡಿ. ಹಿರಿಯರನ್ನು ಗದರಿಸಿ ಪ್ರಯೋಜನವಿಲ್ಲ. ಅವರು ಅದನ್ನು ಶುಚಿಯೆಂದೇ ನಂಬಿ ಹಿಡಿದವರು. ಪಕ್ಕದಲ್ಲಿ ಕುಳಿತು, ಇದು ತಂಬಾಕೇ ಎಂದು ತಿಳಿಯಹೇಳಿ, ಕೈಗೊಂದು ಬೇವಿನ ಕಡ್ಡಿಯನ್ನು ಕೊಡಿ. ಸನ್ನತಿಯ ಕಾಲದಿಂದ ಭೂಸನೂರಿನ ಅಂಗಳದ ವರೆಗೆ ಬಂದ ಕಡ್ಡಿ ಅದು. ರುಚಿ ಕಹಿ, ನಿಜ. ನನ್ನ ಆಯಿಯ ಗೂಡಿನ ಡಬ್ಬಿ ಅದಕ್ಕಿಂತ ಕಹಿ ಎಂಬುದು ನಮಗೆ ತಿಳಿದದ್ದು ತಡವಾಗಿ.